ಕಡಿಮೆ ಜಿಪಿಎ, ಅಮೆರಿಕದ ವೈದ್ಯಕೀಯ ಕಾಲೇಜು ಮತ್ತು ‘ಸೀಟು ಸಿಕ್ತೇನೋ?’

ಮಾನ್ಯ ಸಂಪಾದಕರೇ,

ಹಾಸನದಲ್ಲಿರುವ ನನ್ನ ತಾಯಿ ಕಳೆದ ತಿಂಗಳು ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಬಂದಿದ್ದ ಒಂದು ಕರಪತ್ರದ ಚಿತ್ರ ತೆಗೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದರು. ಅಮೆರಿಕದಲ್ಲಿ ಓದುತ್ತಿರುವ ಮೊಮ್ಮಕ್ಕಳಿಗೆ ಜಿಪಿಎ (ಪದವಿಯ ದರ್ಜೆಗಳ ಸರಾಸರಿ) ಕಡಿಮೆ ಬಂದು ಅಲ್ಲಿನ ವೈದ್ಯಕೀಯ ಕಾಲೇಜು ಸಿಗದೆ ಹೋಗಿದ್ದರೆ ಚಿಂತೆ ಬೇಡ, ಇದೇ ವರ್ಷ ಎಂ.ಡಿ. ಸೀಟು ಖಚಿತ ಎಂಬ ಒಕ್ಕಣೆ ಅದರಲ್ಲಿತ್ತು (ಅಮೆರಿಕದಲ್ಲಿ ಎಂ.ಡಿ. ಎಂದರೆ ಸ್ನಾತಕೋತ್ತರ ಪದವಿಯಲ್ಲ, ನಮ್ಮ ಎಂ.ಬಿ.ಬಿ.ಎಸ್.ನಂತೆ ವೈದ್ಯರಾಗಲು ಓದುವ ಮೊದಲ ಪದವಿ). ಕೆಳಗೆ ಒಂದು ಸಲಹಾ ಸಂಸ್ಥೆಯ ದೂರವಾಣಿ ಸಂಖ್ಯೆ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ನನ್ನ ಮಗಳು ಅಂಥದೇ ಕಡಿಮೆ ಜಿಪಿಎ ಹೊತ್ತು, ಪದವಿ ಮುಗಿದ ಮೇಲೂ ಮೂರು ವರ್ಷ ಕಾದು, ಈಗ ಒಂದು ವೈದ್ಯಕೀಯ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಆ ಅವಧಿಯಲ್ಲಿ ನಮ್ಮ ಕುಟುಂಬ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಕರ್ನಾಟಕದ ಸೀಟಿನ ಲೆಕ್ಕವನ್ನು ತಂದು ನಾವಿರುವ ಅಮೆರಿಕಕ್ಕೆ ಹಚ್ಚಿದ್ದರಿಂದಲೇ ಆದವು. ಆದ್ದರಿಂದ ಊರಿನಲ್ಲಿರುವ ಅಜ್ಜಿ-ತಾತಂದಿರಿಗೂ, ಪ್ರತಿ ಭಾನುವಾರ ಫೋನಿನಲ್ಲಿ ಸಲಹೆ ಕೊಡುವ ಚಿಕ್ಕಪ್ಪ-ಸೋದರಮಾವಂದಿರಿಗೂ ಕೆಲವು ಸಂಗತಿಗಳನ್ನು ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿ ನೀಟ್ ಬರೆಯುತ್ತಾನೆ. 720ಕ್ಕೆ ಎಷ್ಟು ಬಂತೆಂಬ ಒಂದೇ ಸಂಖ್ಯೆ, ಅದರಿಂದ ಹುಟ್ಟುವ ಒಂದು ರ‍್ಯಾಂಕ್, ಆಮೇಲೆ ಕೌನ್ಸೆಲಿಂಗಿನ ಸುತ್ತುಗಳು. ಹದಿನೆಂಟರ ವಯಸ್ಸಿಗೆ ಸೀಟು ಸಿಕ್ಕಿತೋ ಇಲ್ಲವೋ ಎಂಬುದು ತೀರ್ಮಾನವಾಗಿರುತ್ತದೆ. ಸಿಗದವರು ಲಾಂಗ್ ಟರ್ಮ್ ಕೋಚಿಂಗ್ ಸೇರಿ ಮರುವರ್ಷ ಬರೆಯುತ್ತಾರೆ, ಮತ್ತು ಹೊಸ ಅಂಕ ಬಂದ ದಿನದಿಂದ ಹಳೆಯ ಅಂಕವನ್ನು ಯಾರೂ ಕೇಳುವುದಿಲ್ಲ. ಆ ವ್ಯವಸ್ಥೆಯ ಬಗ್ಗೆ ನೂರು ತಕರಾರುಗಳಿರಬಹುದು, ಆದರೆ ಹಿಂದಿನದನ್ನು ಮರೆತುಬಿಡುವ ಒಂದು ದಾಕ್ಷಿಣ್ಯ ಅದಕ್ಕಿದೆ. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜು ಸೇರಬೇಕಾದರೆ ಮೊದಲು ನಾಲ್ಕು ವರ್ಷದ ಪದವಿ ಮುಗಿಸಬೇಕು, ಆ ನಾಲ್ಕು ವರ್ಷಗಳ ಪ್ರತಿಯೊಂದು ವಿಷಯದ ದರ್ಜೆಯೂ 4.0ರ ಅಳತೆಯ (ಎ ಎಂದರೆ 4, ಬಿ ಎಂದರೆ 3, ಸಿ ಎಂದರೆ 2) ಸರಾಸರಿಗೆ ಸೇರುತ್ತದೆ, ಮತ್ತು ಒಮ್ಮೆ ಬಂದ ದರ್ಜೆ ಯಾವ ಕಾಲಕ್ಕೂ ಅಳಿಸಿಹೋಗುವುದಿಲ್ಲ. ಸಿ ಬಂದ ವಿಷಯವನ್ನು ಮತ್ತೆ ಓದಿ ಎ ಪಡೆದರೆ, ಓದಿದ ಕಾಲೇಜು ತನ್ನ ಅಂಕಪಟ್ಟಿಯಲ್ಲಿ ಸಿಯನ್ನು ಕೈಬಿಡಬಹುದು, ಆದರೆ ಎಂ.ಡಿ. ಕಾಲೇಜುಗಳಲ್ಲಿ ಬಹುಪಾಲಿನವು ಅರ್ಜಿ ಸ್ವೀಕರಿಸುವ ಆಮ್ಕಾಸ್ ಎಂಬ ಕೇಂದ್ರೀಕೃತ ವ್ಯವಸ್ಥೆ ಎರಡನ್ನೂ ಸೇರಿಸಿಯೇ ಸರಾಸರಿ ಕಟ್ಟುತ್ತದೆ. ಹೈಸ್ಕೂಲಿನಲ್ಲಿದ್ದಾಗ ಬೇಸಿಗೆಯಲ್ಲಿ ಸಮೀಪದ ಕಮ್ಯುನಿಟಿ ಕಾಲೇಜಿಗೆ ಹೋಗಿ ಓದಿದ ಒಂದು ವಿಷಯವೂ ಅಲ್ಲಿ ದಾಖಲಾಗಬೇಕು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತಕ್ಕೆ ಮಾತ್ರ ಸೇರಿದ ವಿಜ್ಞಾನದ ಜಿಪಿಎಯನ್ನು ಬೇರೆಯಾಗಿ ತೆಗೆದು ತೋರಿಸುವುದರಿಂದ, ಸಂಗೀತ ಮತ್ತು ಸಮಾಜಶಾಸ್ತ್ರದ ಎಗಳ ಹಿಂದೆ ರಸಾಯನಶಾಸ್ತ್ರದ ಸಿಯನ್ನು ಅಡಗಿಸಿಡಲೂ ಬರುವುದಿಲ್ಲ.

ಇಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘವೇ ಪ್ರಕಟಿಸಿರುವ ಅಂಕಿಅಂಶಗಳ ಪ್ರಕಾರ 2023-24ರ ಸಾಲಿನಲ್ಲಿ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕಿದವರು 52 ಸಾವಿರಕ್ಕೂ ಹೆಚ್ಚು, ಸೇರಿದವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ 3.77. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಅಂಕಗಳು 472ರಿಂದ 528ರವರೆಗೆ ಹರಡಿಕೊಂಡಿರುತ್ತವೆ, ಸೇರಿದವರ ಸರಾಸರಿ 511ರಿಂದ 512ರ ನಡುವೆ. ನನ್ನ ಮಗಳ ಜಿಪಿಎ ಮೂರನೆಯ ವರ್ಷದ ಕೊನೆಯಲ್ಲಿ 3.07 ಇತ್ತು. ಊರಿನ ಲೆಕ್ಕದಲ್ಲಿ ಇದು ನಾಲ್ಕಕ್ಕೆ ಮೂರು, ಅಂದರೆ ಶೇಕಡಾ 75ರ ಮೇಲೆ, ಚೆನ್ನಾಗಿಯೇ ಇದೆಯಲ್ಲ ಎಂದು ನನ್ನ ತಮ್ಮ ಸಮಾಧಾನ ಹೇಳಿದ್ದ. ಜಿಪಿಎಯನ್ನು ಹಾಗೆ ಶೇಕಡಾವಾರಿಗೆ ತಿರುಗಿಸುವಂತಿಲ್ಲ, 3.0 ಎಂದರೆ ಎಲ್ಲ ವಿಷಯದಲ್ಲೂ ಬಿ ಎಂದಷ್ಟೇ ಅರ್ಥ, ಮತ್ತು ಅವಳು ಪೈಪೋಟಿ ನಡೆಸಬೇಕಾಗಿದ್ದದ್ದು ಹೆಚ್ಚಿನ ವಿಷಯಗಳಲ್ಲಿ ಎ ಪಡೆದವರ ಜೊತೆಗೆ.

ಈ ಸರಾಸರಿಯ ಗಣಿತವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದನ್ನು ನಾವು ಸಮಯಕ್ಕೆ ಸರಿಯಾಗಿ ಕಾಗದದ ಮೇಲೆ ಮಾಡಿ ನೋಡಿದ್ದರೆ ಎಷ್ಟೋ ಹಣವೂ ಕಣ್ಣೀರೂ ಉಳಿಯುತ್ತಿತ್ತು. ಇಲ್ಲಿನ ಪದವಿ ಸುಮಾರು 120 ಕ್ರೆಡಿಟ್‌ಗಳದ್ದು (ಕ್ರೆಡಿಟ್ ಎಂದರೆ ಒಂದೊಂದು ವಿಷಯದ ತೂಕದ ಅಳತೆ). ಮಗಳು ಮನೆ ಬಿಟ್ಟು ಹಾಸ್ಟೆಲಿಗೆ ಹೋದ ಮೊದಲ ಎರಡು ವರ್ಷಗಳ 60 ಕ್ರೆಡಿಟ್‌ಗಳಲ್ಲಿ ಅವಳ ಸರಾಸರಿ 2.8, ಜನರಲ್ ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ. ಕೊನೆಯ ಎರಡು ವರ್ಷಗಳಲ್ಲಿ ಅವಳು ಓದುವ ಬಗೆ ಕಲಿತಳು, ಸರಾಸರಿ 3.6ಕ್ಕೆ ಏರಿತು. ಹೀಗಿದ್ದೂ 120 ಕ್ರೆಡಿಟ್ ಮುಗಿದಾಗ ಒಟ್ಟು ಜಿಪಿಎ 3.2 ಮಾತ್ರ. ಆಮೇಲೆ ಪದವಿಯ ನಂತರ ಒಂದೂವರೆ ವರ್ಷ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್, ಮೈಕ್ರೊಬಯಾಲಜಿ ಎಂದು ಇನ್ನೂ 32 ಕ್ರೆಡಿಟ್ ಓದಿ ಅವುಗಳಲ್ಲಿ 3.9 ತೆಗೆದಳು. ಅಷ್ಟೂ ಸೇರಿಸಿ ಭಾಗಿಸಿದಾಗ ಬಂದದ್ದು 3.35. ಒಂದೂವರೆ ವರ್ಷದ ರಾತ್ರಿಗಳಿಗೆ ಸಿಕ್ಕ ಪ್ರತಿಫಲ ಬರೀ 0.15! ತುಂಬಿದ ಹಂಡೆಯ ತಣ್ಣೀರಿಗೆ ಒಂದು ಚೊಂಬು ಬಿಸಿನೀರು ಸುರಿದಂತೆ. ಕ್ರೆಡಿಟ್‌ಗಳು ಹೆಚ್ಚಾದಷ್ಟೂ ಸರಾಸರಿ ಅಲುಗಾಡುವುದು ಕಡಿಮೆ.

ಹಾಗಾದರೆ ಆ ಒಂದೂವರೆ ವರ್ಷ ವ್ಯರ್ಥವೇ? ಅಲ್ಲ. ಆಮ್ಕಾಸ್ ಅರ್ಜಿಯಲ್ಲಿ ಕಾಲೇಜುಗಳ ಕಣ್ಣಿಗೆ ಬೀಳುವುದು ಒಟ್ಟು ಸರಾಸರಿಯೊಂದೇ ಅಲ್ಲ. ಮೊದಲ ವರ್ಷ, ಎರಡನೆಯ ವರ್ಷ, ಮೂರನೆಯ ವರ್ಷ, ನಾಲ್ಕನೆಯ ವರ್ಷ ಎಂದು ಬೇರೆ ಬೇರೆ ಸಾಲುಗಳಿರುತ್ತವೆ, ಪದವಿಯ ನಂತರ ಓದಿದ ವಿಷಯಗಳಿಗೆ ಅದರದೇ ಒಂದು ಸಾಲಿರುತ್ತದೆ. ಮೇಲಿನ ಸಾಲಿನಲ್ಲಿ 2.8 ಇದ್ದು ಕೊನೆಯ ಸಾಲಿನಲ್ಲಿ 3.9 ಇದ್ದಾಗ, ಎಡವಿದ ಹುಡುಗಿ ಎದ್ದು ನಡೆದ ಕಥೆಯನ್ನು ಆ ಪಟ್ಟಿಯೇ ಹೇಳುತ್ತದೆ. ಬೇರೆ ಯಾವ ಪ್ರಬಂಧದಲ್ಲೂ ಅದನ್ನು ಬಣ್ಣಿಸಬೇಕಾಗಿಲ್ಲ. ನೀಟ್ ಹಳೆಯದನ್ನು ಮರೆತು ಕ್ಷಮಿಸುತ್ತದೆ. ಇಲ್ಲಿ ಯಾವುದನ್ನೂ ಮರೆಯುವುದಿಲ್ಲ, ಆದರೆ ನಂತರ ಬಂದದ್ದನ್ನು ಪಕ್ಕದಲ್ಲಿಟ್ಟು ಓದುತ್ತಾರೆ. ಅದಕ್ಕೆ ನಂತರದ್ದು ಎನ್ನುವುದು ಇರಬೇಕು, ಅದು ಹುಟ್ಟಲು ಕಾಲ ಬೇಕು. ನಾನು ಈ ಪತ್ರದಲ್ಲಿ ಹೇಳಲು ಹೊರಟಿರುವುದು ಇಷ್ಟನ್ನೇ: ಕಡಿಮೆ ಜಿಪಿಎಯ ಮಗುವಿಗೆ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಕಾಲ, ಮತ್ತು ನಾವು ದೊಡ್ಡವರು ಕಿತ್ತುಕೊಳ್ಳುವುದೂ ಅದನ್ನೇ.

ನಾವು ಕಿತ್ತುಕೊಂಡ ಬಗೆ ಹೀಗಿತ್ತು. ಮೂರನೆಯ ವರ್ಷ ಮುಗಿಯುತ್ತಿದ್ದಂತೆ, ಕಾಲೇಜಿನ ಸಲಹೆಗಾರರು ಈಗಲೇ ಬೇಡ ಎಂದು ಎರಡು ಸಲ ಹೇಳಿದ್ದರೂ ಕೇಳದೆ, ವರ್ಷ ಹಾಳಾಗಬಾರದು ಎಂಬ ನಮ್ಮೂರಿನ ಮಾತನ್ನೇ ಮಂತ್ರ ಮಾಡಿಕೊಂಡು, 3.07 ಜಿಪಿಎ ಮತ್ತು ಆರು ವಾರ ಓದಿ ಬರೆದ ಎಂಕ್ಯಾಟಿನ 503 ಅಂಕದೊಡನೆ ಇಪ್ಪತ್ತು ಕಾಲೇಜುಗಳಿಗೆ ಅರ್ಜಿ ಹಾಕಿಸಿದೆವು. ಮೊದಲ ಕಾಲೇಜಿಗೆ 170 ಡಾಲರ್ ಆಸುಪಾಸು, ಮುಂದಿನ ಪ್ರತಿ ಕಾಲೇಜಿಗೆ 40ಕ್ಕೂ ಹೆಚ್ಚು, ಆಮೇಲೆ ಒಂದೊಂದು ಕಾಲೇಜೂ ಕೇಳುವ ಎರಡನೆಯ ಸುತ್ತಿನ ಅರ್ಜಿ ಶುಲ್ಕ. ಎಲ್ಲ ಸೇರಿ ಮೂರು ಸಾವಿರ ಡಾಲರಿಗೂ ಹೆಚ್ಚು ಹೋಯಿತು. ಒಂದೇ ಒಂದು ಸಂದರ್ಶನದ ಕರೆ ಬರಲಿಲ್ಲ. ಹಣ ಹೋದದ್ದು ಸಣ್ಣ ನಷ್ಟ. ಮರಳಿ ಅರ್ಜಿ ಹಾಕುವವರನ್ನು, ಹಿಂದಿನ ಸಲದಿಂದ ಈಚೆಗೆ ನಿಮ್ಮಲ್ಲಿ ಏನು ಬದಲಾಗಿದೆ ಎಂದು ಎಷ್ಟೋ ಕಾಲೇಜುಗಳು ನೇರವಾಗಿಯೇ ಕೇಳುತ್ತವೆ, ಮತ್ತು ಎಂಕ್ಯಾಟಿನ 503 ಎಂಬ ಅಂಕವೂ ದಾಖಲೆಯಲ್ಲಿ ಉಳಿದುಬಿಡುತ್ತದೆ. ಆ ಪರೀಕ್ಷೆಯನ್ನು ಜೀವಮಾನದಲ್ಲಿ ಏಳೇ ಸಲ ಬರೆಯಬಹುದು. ಬರೆದ ಪ್ರತಿಯೊಂದರ ಅಂಕವೂ ಕಾಲೇಜುಗಳಿಗೆ ಕಾಣುತ್ತದೆ. ನೀಟ್‌ನಂತೆ ಈ ವರ್ಷ ಒಂದು ಕೈ ನೋಡಿಬಿಡೋಣ ಎನ್ನುವ ಪರೀಕ್ಷೆ ಇದಲ್ಲ.

ಆ ಚಳಿಗಾಲದ ಭಾನುವಾರಗಳು ನನಗೆ ಈಗಲೂ ನೆನಪಿವೆ. ಅಮ್ಮ ಫೋನ್ ಮಾಡಿ, ಊಟ ತಿಂಡಿಯ ವಿಚಾರ ಮುಗಿದ ಕೂಡಲೇ, “ಮಗೂಗೆ ಸೀಟು ಸಿಕ್ತೇನೋ?” ಎಂದು ಕೇಳುತ್ತಿದ್ದರು, ಪಕ್ಕದ ಕೋಣೆಯಲ್ಲಿದ್ದ ಮಗಳು ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಅಮ್ಮನ ತಪ್ಪೇನೂ ಇಲ್ಲ, ಅವರಿಗೆ ಗೊತ್ತಿದ್ದ ಪ್ರಶ್ನೆ ಅದೊಂದೇ. ಇಲ್ಲಿನ ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಕೇಳುತ್ತಿದ್ದವರಿಗೆ ಮಾತ್ರ ಆ ವಿನಾಯಿತಿ ಇಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಉನ್ನತ ವೈದ್ಯಾಧಿಕಾರಿ, ಆದದ್ದು ನಮಗೆಲ್ಲ ಹೆಮ್ಮೆಯ ಸಂಗತಿ, ಆದರೆ ಅವರ ಹೆಸರನ್ನು ಹದಿಹರೆಯದ ಮಕ್ಕಳ ಎದುರು ಬೆತ್ತದಂತೆ ಬೀಸುವ ಹಿರಿಯರನ್ನು ಕಂಡು ನನಗೆ ಸಾಕಾಗಿದೆ.

ಎರಡನೆಯ ಸಲ ನಾವು ಬಾಯಿ ಮುಚ್ಚಿಕೊಂಡೆವು, ನಿರ್ಧಾರಗಳನ್ನು ಅವಳೇ ಮಾಡಿದಳು. ಹಗಲು ಒಂದು ಕ್ಲಿನಿಕ್ಕಿನಲ್ಲಿ ವೈದ್ಯರ ಜೊತೆ ಕುಳಿತು ರೋಗಿಗಳ ವಿವರ ದಾಖಲಿಸುವ ಕೆಲಸ, ಸಂಜೆ ತರಗತಿ. ಎಂಕ್ಯಾಟಿಗೆ ಐದು ತಿಂಗಳು ಓದಿ 511 ತೆಗೆದಳು. ಸುಮಾರು ಏಳೂವರೆ ಗಂಟೆಯ ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಜಿಪಿಎ ಏರುವುದಿಲ್ಲ ನಿಜ, ಆದರೆ ಹಳೆಯ ಸಿಗಳು ಬುದ್ಧಿಯ ಕೊರತೆಯಿಂದ ಬಂದವಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ.

ಕೆಲವರು ಇದಕ್ಕೆ ಬದಲಾಗಿ ಸ್ಪೆಷಲ್ ಮಾಸ್ಟರ್ಸ್ ಎಂಬ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಹೋಗುತ್ತಾರೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ್ದು ಈ ಬಗೆಯ ಕೋರ್ಸುಗಳಲ್ಲಿ ಬಹಳ ಹೆಸರಾದದ್ದು. ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಪಾಠಗಳನ್ನೇ ಓದಿಸಿ ಅಲ್ಲಿನ ವಿದ್ಯಾರ್ಥಿಗಳೊಂದಿಗೆ ಹೋಲಿಸಿ ಅಳೆಯುವುದು ಇವುಗಳ ಹೆಚ್ಚುಗಾರಿಕೆ. ಚೆನ್ನಾಗಿ ಮಾಡಿದರೆ ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಆದರೆ ಈ ಅಂಕಗಳು ಪದವಿಯ ಜಿಪಿಎಗೆ ಸೇರದೆ ಬೇರೆಯಾಗಿಯೇ ನಿಲ್ಲುತ್ತವೆ, ಖರ್ಚು ಹತ್ತಾರು ಸಾವಿರ ಡಾಲರ್, ಮತ್ತು ಅಲ್ಲಿ ಇನ್ನೊಮ್ಮೆ ಎಡವಿದವರಿಗೆ ಮುಂದಿನ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿದಂತೆಯೇ. ಟೆಕ್ಸಾಸ್ ರಾಜ್ಯದ ನಿವಾಸಿಗಳಿಗೆ ಇನ್ನೊಂದು ವಿಚಿತ್ರ ಸೌಲಭ್ಯವಿದೆ: ಹತ್ತು ವರ್ಷಕ್ಕಿಂತ ಹಳೆಯದಾದ ಕಾಲೇಜಿನ ಅಂಕಗಳನ್ನು, ಒಳ್ಳೆಯದು ಕೆಟ್ಟದು ಎನ್ನದೆ ಅಷ್ಟನ್ನೂ, ಬದಿಗಿಡುವಂತೆ ಅವರು ಕೋರಬಹುದು. ಇಪ್ಪತ್ತರಲ್ಲಿ ಕೆಡಿಸಿಕೊಂಡು ಮೂವತ್ತೈದರಲ್ಲಿ ವೈದ್ಯರಾಗಬೇಕೆನಿಸಿದವರಿಗೆ ಅದು ಉಪಯೋಗ, ಒಹಾಯೊದಲ್ಲಿರುವ ನಮಗಲ್ಲ.

ಮಗಳು ಕೊನೆಗೆ ಸೇರಿದ್ದು ಡಿ.ಒ. ಕಾಲೇಜಿಗೆ, ಅಂದರೆ ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜಿಗೆ. “ಅದೇನು, ಮೂಳೆ ಡಾಕ್ಟರಾ?” ಎಂದು ಅಮ್ಮ ಕೇಳಿದ್ದರು; ಇಂಗ್ಲಿಷ್ ಬಲ್ಲ ನನ್ನ ಭಾವಮೈದುನ ಅದನ್ನು ಹೋಮಿಯೋಪಥಿ ಎಂದೇ ತಿಳಿದಿದ್ದ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು ಈ ಪದ್ಧತಿಯ ಮೊದಲ ಶಾಲೆ ತೆರೆದಾಗ ಅದು ಮೂಳೆ-ಸ್ನಾಯುಗಳನ್ನು ಕೈಯಿಂದ ತಿದ್ದುವ ಚಿಕಿತ್ಸೆಯನ್ನು ಕೇಂದ್ರವಾಗಿಟ್ಟುಕೊಂಡ ಬೇರೆ ದಾರಿಯೇ ಆಗಿತ್ತು. ಇಂದು ಎಂ.ಡಿ. ವಿದ್ಯಾರ್ಥಿಗಳು ಓದುವುದೆಲ್ಲವನ್ನೂ ಇವರು ಓದುತ್ತಾರೆ, ಆ ಕೈಚಿಕಿತ್ಸೆಯನ್ನು ಹೆಚ್ಚುವರಿಯಾಗಿ ಕಲಿಯುತ್ತಾರೆ, ಐವತ್ತು ರಾಜ್ಯಗಳಲ್ಲೂ ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪರವಾನಗಿ ಪಡೆಯುತ್ತಾರೆ. 2020ರ ವೇಳೆಗೆ ಎರಡೂ ಕಡೆಯವರು ಪದವಿಯ ನಂತರ ಆಸ್ಪತ್ರೆಗಳಲ್ಲಿ ಪಡೆಯುವ ರೆಸಿಡೆನ್ಸಿ ತರಬೇತಿಗೆ ಒಂದೇ ಮಾನ್ಯತಾ ವ್ಯವಸ್ಥೆ ಬಂದಿದೆ. ಅಮೆರಿಕದಲ್ಲಿ ವೈದ್ಯಕೀಯ ಓದುತ್ತಿರುವ ನಾಲ್ವರಲ್ಲಿ ಸುಮಾರು ಒಬ್ಬರು ಡಿ.ಒ. ಕಾಲೇಜಿನವರು. ಇಲ್ಲಿ ಸೇರುವವರ ಸರಾಸರಿ ಜಿಪಿಎಯೂ ಎಂಕ್ಯಾಟ್ ಅಂಕವೂ ಎಂ.ಡಿ. ಕಾಲೇಜುಗಳಿಗಿಂತ ಸ್ವಲ್ಪ ಕೆಳಗಿರುವುದರಿಂದ ನನ್ನ ಮಗಳಂಥವರಿಗೆ ಅವಕಾಶ ಹೆಚ್ಚು. ಒಂದು ಎಚ್ಚರಿಕೆ: ಮರಳಿ ಓದಿದ ವಿಷಯದ ಹೊಸ ದರ್ಜೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ರಿಯಾಯಿತಿ ಡಿ.ಒ. ಅರ್ಜಿಯಲ್ಲಿ ಹಿಂದೆ ಇತ್ತು, 2017ರಲ್ಲಿ ಅದನ್ನು ನಿಲ್ಲಿಸಲಾಯಿತು. ಹಳೆಯ ಸಲಹೆಯನ್ನೇ ಇಂದಿಗೂ ಹಂಚುತ್ತಿರುವವರಿದ್ದಾರೆ. ಅತಿ ಪೈಪೋಟಿಯ ಕೆಲವು ಶಸ್ತ್ರಚಿಕಿತ್ಸಾ ವಿಭಾಗಗಳಿಗೆ ಹೋಗುವುದು ಡಿ.ಒ. ಪದವೀಧರರಿಗೆ ಈಗಲೂ ಹೆಚ್ಚು ಕಷ್ಟ ಎಂಬುದನ್ನೂ ಮುಚ್ಚಿಡಬಾರದು.

ಇನ್ನು ಕರಪತ್ರದ ‘ಖಚಿತ ಸೀಟು’ ವಿಚಾರಕ್ಕೆ ಬರುತ್ತೇನೆ. ಫೋನ್ ಮಾಡಿ ವಿಚಾರಿಸಿದಾಗ ಗೊತ್ತಾದದ್ದು, ಅದು ಕೆರಿಬಿಯನ್ ದ್ವೀಪವೊಂದರ ಕಾಲೇಜಿನ ಸೀಟು. ಕೆರಿಬಿಯನ್ ಕಾಲೇಜುಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ; ಗ್ರೆನಡಾದ ಸೇಂಟ್ ಜಾರ್ಜಸ್‌ನಂಥ ಹಳೆಯ ಸಂಸ್ಥೆಗಳಲ್ಲಿ ಓದಿದ ಸಾವಿರಾರು ವೈದ್ಯರು ಅಮೆರಿಕದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಆದರೆ ವೈದ್ಯಕೀಯ ಪದವಿ ಕೈಗೆ ಬಂದ ಮಾತ್ರಕ್ಕೆ ಇಲ್ಲಿ ಯಾರೂ ವೈದ್ಯರಾಗುವುದಿಲ್ಲ, ರೆಸಿಡೆನ್ಸಿ ಸಿಗಬೇಕು. ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುವ ‘ಮ್ಯಾಚ್’ ಎಂಬ ಹಂಚಿಕೆಯಲ್ಲಿ 2024ರಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇ 93ಕ್ಕೂ ಹೆಚ್ಚು ಮಂದಿಗೆ, ಡಿ.ಒ.ಗಳಲ್ಲಿ ಶೇ 92ರಷ್ಟು ಮಂದಿಗೆ ಸ್ಥಾನ ದೊರೆಯಿತು. ವಿದೇಶಗಳಲ್ಲಿ ಓದಿಬಂದ ಅಮೆರಿಕದ ಪ್ರಜೆಗಳಲ್ಲಿ ಶೇ 67ರಷ್ಟು ಮಂದಿಗೆ ಮಾತ್ರ. ಈ ಶೇ 67 ಎಂಬುದು ಮ್ಯಾಚ್‌ವರೆಗೂ ಬಂದು ಮುಟ್ಟಿದವರ ಲೆಕ್ಕ. ಮೊದಲೆರಡು ವರ್ಷಗಳಲ್ಲೇ ಅನುತ್ತೀರ್ಣರಾಗಿ ಸಾಲದೊಂದಿಗೆ ಮನೆಗೆ ಮರಳಿದವರು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಸೀಟು ಖಚಿತ ಎನ್ನುವವರನ್ನು, ಒಟ್ಟಿಗೆ ಸೇರಿದ ನೂರು ಜನರಲ್ಲಿ ನಾಲ್ಕೇ ವರ್ಷದಲ್ಲಿ ರೆಸಿಡೆನ್ಸಿ ತಲುಪಿದವರೆಷ್ಟು ಎಂದು ಕೇಳಿ. ನಾನು ಕೇಳಿದೆ. ಆ ಕಡೆಯಿಂದ ಬಂದ ಉತ್ತರ, ಸೀಟುಗಳು ಬೇಗ ಭರ್ತಿಯಾಗುತ್ತಿವೆ ಎಂಬುದು.

ಊರಿಗೇ ಕಳುಹಿಸಿ ಎಂ.ಬಿ.ಬಿ.ಎಸ್. ಮಾಡಿಸಿ ಎಂಬ ಸಲಹೆಯೂ ಬಂದಿತ್ತು. ಮಣಿಪಾಲದಂಥ ಕಡೆಗೆ ಅನಿವಾಸಿಗಳ ಮಕ್ಕಳು ಹೋಗಿ ಓದಿ ಬಂದ ಕಾಲವೊಂದಿತ್ತು; ಈಗ ಅನಿವಾಸಿ ಕೋಟಾಗೂ ನೀಟ್ ಕಡ್ಡಾಯ, ಮತ್ತು ಇಪ್ಪತ್ತೆರಡರ ಪದವೀಧರೆ ಮತ್ತೆ ಐದೂವರೆ ವರ್ಷ ಓದಿ ಹಿಂದಿರುಗಿದರೆ ಅವಳೂ ಮೇಲಿನ ಶೇ 67ರ ಸಾಲಿನಲ್ಲೇ ನಿಲ್ಲಬೇಕು.

ಹೆತ್ತವರ ಕೆಲಸದ ವೀಸಾ ಆಧರಿಸಿ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳ ಪಾಡು ಇನ್ನೂ ಬೇರೆ. ಹೆತ್ತವರ ಗ್ರೀನ್ ಕಾರ್ಡ್ ಸರದಿ ಬರುವುದರೊಳಗೆ ಇಪ್ಪತ್ತೊಂದು ತುಂಬಿದರೆ ಆ ವೀಸಾ ಕೈತಪ್ಪುತ್ತದೆ. ಬಹಳಷ್ಟು ವೈದ್ಯಕೀಯ ಕಾಲೇಜುಗಳು ಪ್ರಜೆಗಳಲ್ಲದ, ಗ್ರೀನ್ ಕಾರ್ಡ್ ಇಲ್ಲದ ಅಭ್ಯರ್ಥಿಗಳನ್ನು ಪರಿಗಣಿಸುವುದೇ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲವೂ ಅವರಿಗಿಲ್ಲ. ನಿಧಾನಿಸಿ ಎಂದು ಮೇಲೆ ನಾನು ಬರೆದದ್ದನ್ನು ಅವರಿಗೆ ಅಷ್ಟೇ ನಿರಾಳವಾಗಿ ಹೇಳುವ ಧೈರ್ಯ ನನಗಿಲ್ಲ. ನಮ್ಮ ಮನೆಗೆ ಮಗಳ ಹೈಸ್ಕೂಲ್ ಮುಗಿಯುವ ಮೊದಲೇ ಗ್ರೀನ್ ಕಾರ್ಡ್ ಬಂದಿತ್ತು. ಅವಳಿಗೆ ಸಿಕ್ಕ ಮೂರು ವರ್ಷ ಆ ಅದೃಷ್ಟದ ಫಲವೂ ಹೌದು.

ಉಳಿದವರಿಗೆ ನನ್ನದೊಂದು ಬಿನ್ನಹವಿದೆ. ವೈದ್ಯಕೀಯ ಕಾಲೇಜುಗಳ ಸಂಘವು ಯಾವ ಜಿಪಿಎಗೆ ಯಾವ ಎಂಕ್ಯಾಟ್ ಅಂಕ ಸೇರಿದರೆ ನೂರಕ್ಕೆ ಎಷ್ಟು ಜನರಿಗೆ ಪ್ರವೇಶ ದೊರೆತಿದೆ ಎಂಬ ಕೋಷ್ಟಕವನ್ನು ಉಚಿತವಾಗಿ ಪ್ರಕಟಿಸುತ್ತದೆ. ಯಾರಿಗಾದರೂ ಶುಲ್ಕ ಕಟ್ಟುವ ಮೊದಲು ಆ ಒಂದು ಪುಟವನ್ನು ನೋಡಿ, 3.2ರ ಸಾಲು ಖಾಲಿಯಿಲ್ಲ, ಆದರೆ ತೆಳುವಾಗಿದೆ, ಮತ್ತು ಎಂಕ್ಯಾಟ್ ಏರಿದಂತೆ ಆ ಸಾಲು ಎಷ್ಟು ದಪ್ಪವಾಗುತ್ತದೆ ಎಂಬುದೂ ಅಲ್ಲೇ ಕಾಣುತ್ತದೆ. ಅಲ್ಲದೆ, ಇಲ್ಲಿ ವೈದ್ಯಕೀಯ ಕಾಲೇಜು ಸೇರುವವರಲ್ಲಿ ಹೆಚ್ಚಿನವರು ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಟ್ಟು ಬಂದವರೇ. ಮುಂದಿನ ವರ್ಷದ ಅರ್ಜಿ ಪ್ರತಿ ಮೇ ತಿಂಗಳಲ್ಲಿ ತೆರೆಯುತ್ತದೆ. ಆಗ ನಿಮ್ಮ ಮೊಮ್ಮಗನೋ ಮೊಮ್ಮಗಳೋ ಈ ಸಲ ಹಾಕುತ್ತಿಲ್ಲ, ಇನ್ನೊಂದು ವರ್ಷ ಓದುತ್ತೇನೆ ಎಂದರೆ, ದಯವಿಟ್ಟು ಯಾಕೆ ಎಂದು ಕೇಳಬೇಡಿ. ರಜೆಗೆ ಊರಿಗೆ ಬಂದಾಗ ಅಕ್ಕಿರೊಟ್ಟಿ ಮಾಡಿ ಹಾಕಿ, ಯಾವ ವಿಷಯ ಓದುತ್ತಿದ್ದೀಯ ಎಂದು ಬೇಕಾದರೆ ವಿಚಾರಿಸಿ. ನನ್ನ ತಾಯಿ ಈಚೆಗೆ ಹಾಗೆಯೇ ಮಾಡುತ್ತಿದ್ದಾರೆ. ಕಳೆದ ಭಾನುವಾರ ಮೊಮ್ಮಗಳಿಂದ ಅರ್ಧ ಗಂಟೆ ಮೂತ್ರಪಿಂಡದ ಪಾಠ ಹೇಳಿಸಿಕೊಂಡರು, ಆಮೇಲೆ ತಮ್ಮ ಮಂಡಿನೋವಿನ ಮಾತೆತ್ತಿದರು.

ಇತಿ ತಮ್ಮ ವಿಶ್ವಾಸಿ,
ಹಾಸನ ಮೂಲದ ಓದುಗ, ಕೊಲಂಬಸ್, ಒಹಾಯೊ
(ಮಗಳ ಅಂಕಗಳ ವಿವರವಿರುವುದರಿಂದ ಹೆಸರನ್ನು ಪ್ರಕಟಿಸಬಾರದೆಂದು ಕೋರಿಕೆ)